ಸ್ವತಂತ್ರ ಚಲನಚಿತ್ರ ನಿರ್ಮಾಣದಲ್ಲಿ ನೈತಿಕತೆ ಮತ್ತು ಸಹಭಾಗಿತ್ವ

ದೊಡ್ಡ ಸ್ಟುಡಿಯೋಗಳ ಅಥವಾ ನೆಲೆಯೂರಿದ ನಿರ್ಮಾಣ ಹಾಗೂ ವಿತರಣಾ ಸಂಸ್ಥೆಗಳ ಬಂಡವಾಳಕ್ಕೂ ಹಿಡಿತಕ್ಕೂ ಹೊರತಾಗಿ ತಯಾರಾಗುವ ಚಿತ್ರವನ್ನು ಸ್ವತಂತ್ರ ಚಲನಚಿತ್ರ ಎನ್ನುತ್ತಾರೆ. ಹಣ ಹೂಡಿದವನ ಅಪ್ಪಣೆಗೆ ಕಾಯಬೇಕಿಲ್ಲದ ಈ ಬಗೆಯ ನಿರ್ಮಾಣದಲ್ಲಿ ವಸ್ತುವಿನ ಆಯ್ಕೆ, ನಿರೂಪಣೆಯ ಕ್ರಮ, ಅವಧಿ ಎಲ್ಲವೂ ಚಿತ್ರ ಮಾಡುವವರ ಕೈಯಲ್ಲೇ ಇರುತ್ತವೆ. ಆದರೆ ಸ್ಟುಡಿಯೋ ವ್ಯವಸ್ಥೆಯಲ್ಲಿ ಕರಾರು, ಕಾರ್ಮಿಕ ಸಂಘ, ವಿಮೆ, ಕಾನೂನು ಸಲಹೆಗಾರರು ನೋಡಿಕೊಳ್ಳುವ ಅನೇಕ ಸಂಗತಿಗಳು ಇಲ್ಲಿ ನೇರವಾಗಿ ಅವರ ಹೆಗಲಿಗೇ ಬರುತ್ತವೆ. ದುಡಿದವರಿಗೆ ಕೂಲಿ ಎಷ್ಟು, ಲಾಭ ಬಂದರೆ ಪಾಲು ಯಾರಿಗೆ, ಟೈಟಲ್ ಕಾರ್ಡಿನಲ್ಲಿ ಯಾರ ಹೆಸರು, ಕ್ಯಾಮೆರಾದ ಮುಂದೆ ನಿಂತ ವ್ಯಕ್ತಿಗೆ ಬೇಡವೆನ್ನುವ ಹಕ್ಕು ಇದೆಯೇ, ಮುಗಿದ ಚಿತ್ರ ಯಾರ ಸೊತ್ತು ಎಂಬ ಪ್ರಶ್ನೆಗಳಿಗೆ ಕೊಡುವ ಉತ್ತರಗಳೇ ಸ್ವತಂತ್ರ ಚಿತ್ರದ ನೈತಿಕತೆಯನ್ನು ನಿರ್ಧರಿಸುತ್ತವೆ. ಶೋಷಣೆಯ ವಿರುದ್ಧ ದನಿಯೆತ್ತುವ ಚಿತ್ರವೊಂದು ತನ್ನ ಲೈಟ್‌ಬಾಯ್‌ಗಳಿಗೆ ದಿನದ ಬಾಟಾ ಕೊಡದೆ ತಯಾರಾಗಿದ್ದರೆ, ಅದರ ವಸ್ತುವಿನ ಔದಾರ್ಯ ಆ ಕೊರತೆಯನ್ನು ತುಂಬಲಾರದು. ಆದ್ದರಿಂದ ಈ ಮೌಲ್ಯಗಳ ಇತಿಹಾಸವನ್ನು ಚಿತ್ರಗಳ ಕಥೆಯಲ್ಲಿ ಹುಡುಕುವುದಕ್ಕಿಂತ ಅವು ತಯಾರಾದ ಬಗೆಯಲ್ಲಿ ಹುಡುಕುವುದೇ ಸರಿಯಾದ ದಾರಿ.

ಚಿತ್ರಕಥೆಯನ್ನು ಜನರ ಮುಂದಿಟ್ಟವರು

ತಯಾರಿಕೆಯಲ್ಲೇ ಈ ಮೌಲ್ಯಗಳನ್ನು ಪಾಲಿಸಿದ ಆರಂಭದ ದೊಡ್ಡ ಉದಾಹರಣೆ ಅಮೆರಿಕದ ‘ಸಾಲ್ಟ್ ಆಫ್ ದಿ ಅರ್ತ್’ (1954). ಕಮ್ಯುನಿಸ್ಟರೆಂಬ ಆರೋಪದ ಮೇಲೆ ಹಾಲಿವುಡ್‌ನಿಂದ ಹೊರದಬ್ಬಲ್ಪಟ್ಟಿದ್ದ ನಿರ್ದೇಶಕ ಹರ್ಬರ್ಟ್ ಬೈಬರ್‌ಮನ್, ಲೇಖಕ ಮೈಕೆಲ್ ವಿಲ್ಸನ್ ಮತ್ತು ನಿರ್ಮಾಪಕ ಪಾಲ್ ಜ್ಯಾರಿಕೊ ಸೇರಿ, ಗಣಿ ಕಾರ್ಮಿಕರ ಸಂಘದ ಸಹಯೋಗದಲ್ಲಿ ಇದನ್ನು ತಯಾರಿಸಿದರು. ನ್ಯೂ ಮೆಕ್ಸಿಕೊದ ಸತುವಿನ ಗಣಿಯೊಂದರಲ್ಲಿ 1950ರಿಂದ 1952ರವರೆಗೆ ನಡೆದ ಮುಷ್ಕರದಲ್ಲಿ, ಗಂಡಸರು ಗಣಿಯ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲಬಾರದೆಂದು ನ್ಯಾಯಾಲಯ ತಡೆದಾಗ ಅವರ ಹೆಂಡಂದಿರು ಆ ಜಾಗದಲ್ಲಿ ನಿಂತು ಮುಷ್ಕರವನ್ನು ಉಳಿಸಿಕೊಂಡ ಘಟನೆ ಇದರ ವಸ್ತು. ವಿಲ್ಸನ್ ಬರೆದ ಕರಡನ್ನು ಗಣಿಗಾರರ ಕುಟುಂಬಗಳ ಮುಂದೆ ಓದಲಾಯಿತು. ನಾಯಕನಿಗೆ ಇನ್ನೊಬ್ಬ ಹೆಂಗಸಿನೊಡನೆ ಸಂಬಂಧ ಕಟ್ಟಿದ್ದನ್ನೂ ಅವನ ಕುಡಿತದ ದೃಶ್ಯವನ್ನೂ ಅವರು ಒಪ್ಪಲಿಲ್ಲ. ಮೆಕ್ಸಿಕನ್ ಮೂಲದ ತಮ್ಮನ್ನು ಹಾಲಿವುಡ್ ಹೀಗೆಯೇ ತೋರಿಸುತ್ತ ಬಂದಿದೆ ಎಂಬುದು ಅವರ ಆಕ್ಷೇಪವಾಗಿತ್ತು. ಆ ಭಾಗಗಳು ಚಿತ್ರಕಥೆಯಿಂದ ಹೋದವು. ಸಂಘದ ಸ್ಥಳೀಯ ಘಟಕದ ಅಧ್ಯಕ್ಷ ಹುವಾನ್ ಚಕೋನ್ ನಾಯಕನ ಪಾತ್ರ ವಹಿಸಿದರು, ಪಾತ್ರವರ್ಗದ ಬಹುಪಾಲು ಜನ ಗಣಿಗಾರರೂ ಅವರ ಮನೆಯವರೂ ಆಗಿದ್ದರು. ಚಿತ್ರೀಕರಣದ ನಡುವೆ ಮೆಕ್ಸಿಕೊದ ನಟಿ ರೊಸೌರಾ ರೆವುವೆಲ್ತಾಸ್ ಅವರನ್ನು ವಲಸೆ ಇಲಾಖೆ ಬಂಧಿಸಿತು, ಮುಂದೆ ಪ್ರೊಜೆಕ್ಟರ್ ನಡೆಸುವವರ ಸಂಘ ಚಿತ್ರವನ್ನು ತೋರಿಸಲು ನಿರಾಕರಿಸಿದ್ದರಿಂದ ಅದು ಬೆರಳೆಣಿಕೆಯ ಚಿತ್ರಮಂದಿರಗಳನ್ನಷ್ಟೇ ಕಂಡಿತು. ಆದರೂ ತಮ್ಮ ಕುರಿತ ಚಿತ್ರಕಥೆಯನ್ನು ತಿದ್ದುವ ಅಧಿಕಾರ ಕಾರ್ಮಿಕರಿಗೆ ದೊರೆತದ್ದು ಸಿನಿಮಾದ ಇತಿಹಾಸದಲ್ಲಿ ಹೊಸ ಸಂಗತಿಯಾಗಿತ್ತು.

ದಕ್ಷಿಣ ಅಮೆರಿಕದಲ್ಲಿ ಈ ವಿಚಾರ 1960ರ ದಶಕದಲ್ಲಿ ಸಿದ್ಧಾಂತದ ರೂಪ ಪಡೆಯಿತು. ಅರ್ಜೆಂಟೀನಾದ ಫರ್ನಾಂಡೊ ಸೊಲಾನಸ್ ಮತ್ತು ಒಕ್ತಾವಿಯೊ ಗೆತಿನೊ 1969ರಲ್ಲಿ ಪ್ರಕಟಿಸಿದ ಪ್ರಣಾಳಿಕೆಯು ಹಾಲಿವುಡ್ ಮಾದರಿಯ ಉದ್ಯಮ ಮತ್ತು ಏಕವ್ಯಕ್ತಿಯ ಪ್ರತಿಭೆಯನ್ನು ಮೆರೆಸುವ ಯುರೋಪಿನ ಕಲಾತ್ಮಕ ಚಿತ್ರ ಎರಡನ್ನೂ ಬಿಟ್ಟು, ತಂಡವಾಗಿ ದುಡಿಯುವ ಹಾಗೂ ಪ್ರದರ್ಶನದ ನಂತರ ಚರ್ಚೆಗೆ ತೆರೆದುಕೊಳ್ಳುವ ‘ಮೂರನೆಯ ಸಿನಿಮಾ’ವನ್ನು ಪ್ರತಿಪಾದಿಸಿತು. ಆದರೆ ಸಿದ್ಧಾಂತಕ್ಕಿಂತ ಬೊಲಿವಿಯಾದ ಉಕಮಾವು ತಂಡದ ಅನುಭವ ಹೆಚ್ಚು ಬೋಧಪ್ರದವಾಗಿದೆ. ನಿರ್ದೇಶಕ ಹೋರ್ಹೆ ಸಂಹಿನೇಸ್ ಮತ್ತು ಸಂಗಾತಿಗಳು, ಮೂಲನಿವಾಸಿ ಹೆಂಗಸರಿಗೆ ಅವರ ಅರಿವಿಲ್ಲದೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಗುತ್ತಿದೆ ಎಂಬ ಆರೋಪವನ್ನು ಆಧರಿಸಿದ ‘ಯಾವರ್ ಮಾಯ್ಕು’ (1969) ಚಿತ್ರಕ್ಕಾಗಿ ಕಾತಾ ಎಂಬ ಬೆಟ್ಟದ ಹಳ್ಳಿಗೆ ಹೋದಾಗ ಜನ ಅವರನ್ನು ದೂರವೇ ಇಟ್ಟರು. ಮುಖಂಡನೊಬ್ಬನ ಒಪ್ಪಿಗೆ ಸಿಕ್ಕರೆ ಊರಿನ ಒಪ್ಪಿಗೆ ಸಿಕ್ಕಂತೆ ಎಂದು ತಂಡ ಭಾವಿಸಿತ್ತು. ಕೆಲಸಕ್ಕೆ ಕೂಲಿ ಕೊಡುತ್ತೇವೆಂದು ಹೇಳಿದ್ದೂ ಪ್ರಯೋಜನಕ್ಕೆ ಬರಲಿಲ್ಲ. ತೀರ್ಮಾನಗಳನ್ನು ಇಡೀ ಸಮುದಾಯವೇ ಕೈಗೊಳ್ಳುವ ಆ ಹಳ್ಳಿಯಲ್ಲಿ, ಕೊನೆಗೆ ಎಲ್ಲರೂ ನೆರೆದ ಆಚರಣೆಯಲ್ಲಿ ಕೋಕಾ ಎಲೆಗಳನ್ನು ಹಾಕಿ ಶಕುನ ಕೇಳಿ, ಬಂದವರ ಉದ್ದೇಶ ಒಳ್ಳೆಯದೆಂದು ತಿಳಿದ ಮೇಲೆಯೇ ಬಾಗಿಲುಗಳು ತೆರೆದವು. ಈ ಪಾಠ ಚಿತ್ರದ ರೂಪವನ್ನೂ ಬದಲಿಸಿತು. ಒಬ್ಬ ನಾಯಕನ ಮುಖವನ್ನು ಸಮೀಪದಿಂದ ತೋರಿಸುವುದೂ ಕಾಲವನ್ನು ಹಿಂದೆಮುಂದೆ ಮಾಡುವುದೂ ಆ ಜನರ ಲೋಕದೃಷ್ಟಿಗೆ ಹೊರಗಿನವೆಂದು ಮನಗಂಡ ಸಂಹಿನೇಸ್ ಮುಂದೆ ಗುಂಪನ್ನೇ ನಾಯಕಸ್ಥಾನದಲ್ಲಿರಿಸಿ, ಕತ್ತರಿಸದ ದೀರ್ಘ ದೃಶ್ಯಗಳತ್ತ ಹೊರಳಿದರು. 1967ರ ಗಣಿ ಕಾರ್ಮಿಕರ ಹತ್ಯಾಕಾಂಡವನ್ನು ಕುರಿತ 1971ರ ಚಿತ್ರದಲ್ಲಿ ಬದುಕುಳಿದವರೇ ತಮ್ಮ ಪಾತ್ರಗಳನ್ನು ವಹಿಸಿದರು. ಜನರೊಡನೆ ನಡೆದುಕೊಳ್ಳುವ ರೀತಿ ಕ್ಯಾಮೆರಾ ಎಲ್ಲಿರಬೇಕು ಎಂಬುದನ್ನೂ ನಿರ್ಣಯಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಸಮ್ಮತಿಯ ಪ್ರಶ್ನೆ

ಕಥಾಚಿತ್ರದ ನಟ ಪಾತ್ರದ ಹಿಂದೆ ಮರೆಯಾಗಬಹುದು. ಸಾಕ್ಷ್ಯಚಿತ್ರದಲ್ಲಿ ಕಾಣಿಸಿಕೊಂಡವರು ಚಿತ್ರ ಮುಗಿದ ಮೇಲೂ ಅದೇ ಹೆಸರಿನಲ್ಲಿ, ಅದೇ ಊರಿನಲ್ಲಿ ಬಾಳಬೇಕು. ಆದ್ದರಿಂದ ತನ್ನನ್ನು ಏಕೆ ಚಿತ್ರಿಸುತ್ತಿದ್ದಾರೆ, ಅದನ್ನು ಯಾರು ನೋಡುತ್ತಾರೆ, ಅದರಿಂದ ಆಗಬಹುದಾದ ಹಾನಿ ಏನು ಎಂಬುದನ್ನು ತಿಳಿದು ಕೊಡುವ ಒಪ್ಪಿಗೆ, ಅಂದರೆ ಅರಿತು ಕೊಟ್ಟ ಸಮ್ಮತಿ, ಈ ಪ್ರಕಾರದ ಬುನಾದಿ ತತ್ತ್ವವಾಗಿದೆ. ರಾಬರ್ಟ್ ಫ್ಲಾಹರ್ಟಿಯ ‘ನಾನೂಕ್ ಆಫ್ ದಿ ನಾರ್ತ್’ (1922) ಇನುಯಿಟ್ ಜನರ ನೆರವಿನಿಂದಲೇ ತಯಾರಾಯಿತು. ಆದರೆ ನಾಯಕನ ಹೆಸರು, ಅವನ ಸಂಸಾರ, ಬಿಟ್ಟುಹೋಗಿದ್ದ ಬೇಟೆಯ ಕ್ರಮ ಇವನ್ನೆಲ್ಲ ನಿರ್ದೇಶಕ ತನ್ನ ಕಲ್ಪನೆಗೆ ತಕ್ಕಂತೆ ಜೋಡಿಸಿ ನೈಜವೆಂಬಂತೆ ತೋರಿಸಿದ. ಫ್ರಾನ್ಸಿನ ಜ್ಯಾನ್ ರೂಶ್ ಮುಂದೆ, ಚಿತ್ರಿಸಿದ್ದನ್ನು ಮೊದಲು ಚಿತ್ರಿತರಿಗೇ ತೋರಿಸಿ ಅವರ ಮಾತನ್ನು ಕೇಳುವ ಪದ್ಧತಿಯನ್ನು ಬೆಳೆಸಿದರು. ಎಡ್ಗರ್ ಮೊರ್‍ಯಾನ್ ಜೊತೆಗೂಡಿ ಅವರು ಮಾಡಿದ ‘ಕ್ರಾನಿಕಲ್ ಆಫ್ ಎ ಸಮ್ಮರ್’ (1961) ಚಿತ್ರದಲ್ಲಿ, ತಮ್ಮನ್ನೇ ತೆರೆಯ ಮೇಲೆ ನೋಡಿದವರು ಮಾಡಿದ ಟೀಕೆಯೂ ಚಿತ್ರದ ಭಾಗವಾಗಿದೆ.

ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ ಸರ್ಕಾರಿ ಸಂಸ್ಥೆಯಾಗಿದ್ದರೂ ಅದರ ‘ಚಾಲೆಂಜ್ ಫಾರ್ ಚೇಂಜ್’ ಯೋಜನೆಯನ್ನು ಇಲ್ಲಿ ಬಿಡುವಂತಿಲ್ಲ. 1967ರಲ್ಲಿ ಕಾಲಿನ್ ಲೋ ಅವರು ನ್ಯೂಫೌಂಡ್‌ಲೆಂಡ್‌ನ ಫೋಗೊ ದ್ವೀಪಕ್ಕೆ ಹೋದಾಗ ಅಲ್ಲಿಯ ಮೀನುಗಾರರನ್ನು ಬೇರೆಡೆಗೆ ಸಾಗಿಸುವ ಮಾತು ನಡೆಯುತ್ತಿತ್ತು. ಎಲ್ಲ ಸಂದರ್ಶನಗಳನ್ನೂ ಹೆಣೆದು ನಿರ್ದೇಶಕನ ವಾದವಾಗುವ ಒಂದು ದೊಡ್ಡ ಚಿತ್ರವನ್ನು ಮಾಡುವ ಬದಲು, ಒಬ್ಬ ವ್ಯಕ್ತಿಯ ಅಥವಾ ಒಂದು ಸಂಗತಿಯ ಸುತ್ತ ಎರಡು ಡಜನ್‌ಗೂ ಹೆಚ್ಚು ಕಿರುಚಿತ್ರಗಳನ್ನು ಮಾಡಿ, ಮಾತಾಡಿದವರಿಗೇ ಮೊದಲು ತೋರಿಸಿ, ಅವರು ಬೇಡವೆಂದದ್ದನ್ನು ಕೈಬಿಟ್ಟು, ಬಳಿಕ ಅವನ್ನು ದ್ವೀಪದ ಬೇರೆ ಬೇರೆ ಹಳ್ಳಿಗಳಿಗೂ ಸರ್ಕಾರಕ್ಕೂ ಕೊಂಡೊಯ್ಯಲಾಯಿತು. ಒಬ್ಬರನ್ನೊಬ್ಬರು ನಂಬದಿದ್ದ ಹಳ್ಳಿಗಳು ತಮ್ಮ ಕಷ್ಟಗಳು ಒಂದೇ ಎಂದು ಕಂಡುಕೊಂಡು ಸಹಕಾರ ಸಂಘ ಕಟ್ಟಿಕೊಂಡವು.

ಸಮ್ಮತಿಯ ತತ್ತ್ವ ಬಲ್ಲಿದರ ಗುರಾಣಿಯೂ ಆಗಬಹುದು ಎಂಬುದನ್ನು ಫ್ರೆಡರಿಕ್ ವೈಸ್‌ಮನ್ ಅವರ ‘ಟಿಟಿಕಟ್ ಫಾಲೀಸ್’ (1967) ಪ್ರಕರಣ ತೋರಿಸಿತು. ಮ್ಯಾಸಚೂಸೆಟ್ಸ್‌ನಲ್ಲಿ ಮಾನಸಿಕ ಅಸ್ವಸ್ಥ ಅಪರಾಧಿಗಳನ್ನಿಡುವ ಆಸ್ಪತ್ರೆಯೊಂದರ ಕ್ರೌರ್ಯವನ್ನು ದಾಖಲಿಸಿದ ಈ ಚಿತ್ರವನ್ನು, ರೋಗಿಗಳ ಖಾಸಗಿತನದ ಹೆಸರಿನಲ್ಲಿ ಆ ರಾಜ್ಯವೇ ನ್ಯಾಯಾಲಯದ ಮೂಲಕ ತಡೆಹಿಡಿಯಿತು. ಸಾರ್ವಜನಿಕ ಪ್ರದರ್ಶನದ ಮೇಲಿನ ನಿರ್ಬಂಧ 1991ರಲ್ಲಷ್ಟೇ ತೆರವಾಯಿತು. ಬೆತ್ತಲೆಯಾಗಿ ನಿಂತ ರೋಗಿಗಳಿಗೆ ಸಮ್ಮತಿ ಕೊಡುವ ಸ್ಥಿತಿಯೇ ಇರಲಿಲ್ಲವೆಂಬ ವಾದದಲ್ಲಿ ಹುರುಳಿದೆ, ಆದರೆ ಆ ವಾದವನ್ನು ಮುಂದಿಟ್ಟವರು ಅವರನ್ನು ಬೆತ್ತಲೆ ನಿಲ್ಲಿಸಿದವರೇ ಆಗಿದ್ದರು. ಇದರ ಇನ್ನೊಂದು ಮಗ್ಗುಲನ್ನು ಇಂಡೊನೇಷ್ಯಾದ ಹತ್ಯಾಕಾಂಡವನ್ನು ಕುರಿತ ‘ದಿ ಆಕ್ಟ್ ಆಫ್ ಕಿಲ್ಲಿಂಗ್’ (2012) ಚಿತ್ರದಲ್ಲಿ ಕಾಣಬಹುದು. ಅದರ ಸಹನಿರ್ದೇಶಕರಲ್ಲೊಬ್ಬರನ್ನೂ ಸೇರಿಸಿ ಅಲ್ಲಿಯ ಅನೇಕ ತಂತ್ರಜ್ಞರ ಹೆಸರುಗಳಿರಬೇಕಾದ ಜಾಗದಲ್ಲಿ ‘ಅನಾಮಿಕ’ ಎಂದಷ್ಟೇ ಇದೆ. ಹೆಸರು ಕೊಡುವುದು ಸಾಮಾನ್ಯವಾಗಿ ನ್ಯಾಯ, ಇಲ್ಲಿ ಹೆಸರು ಮುಚ್ಚಿಡುವುದೇ ಜೀವರಕ್ಷಣೆ.

ತಂಡಗಳು, ಅವುಗಳ ಒಳಗಿನ ಅಸಮಾನತೆ

1960ರ ದಶಕದ ಕೊನೆಯಲ್ಲಿ ಹಲವು ದೇಶಗಳಲ್ಲಿ ಚಿತ್ರಕಾರರ ಸಾಮೂಹಿಕ ತಂಡಗಳು ಹುಟ್ಟಿದವು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ನೆಲೆಸಿದ ಆಂಬರ್ ತಂಡದಲ್ಲಿ ಕೆಲಸ ಯಾವುದೇ ಇರಲಿ, ಎಲ್ಲ ಸದಸ್ಯರಿಗೂ ಒಂದೇ ಸಂಬಳವಿತ್ತು. ಸಮುದ್ರದಂಡೆಯಲ್ಲಿ ಕಲ್ಲಿದ್ದಲು ಆಯುವವರನ್ನು ಕುರಿತ ‘ಸೀಕೋಲ್’ (1985) ಚಿತ್ರಕ್ಕಾಗಿ ತಂಡ ಅವರ ಬಿಡಾರದಲ್ಲೇ ಒಂದು ಗಾಡಿಮನೆಯನ್ನು ಕೊಂಡು ಬೀಡುಬಿಟ್ಟಿತ್ತು. ಜಪಾನಿನ ಒಗಾವಾ ಶಿನ್‌ಸುಕೆ ಮತ್ತು ಸಂಗಡಿಗರು ನರಿತಾ ವಿಮಾನ ನಿಲ್ದಾಣದ ವಿರುದ್ಧ ಹೋರಾಡುತ್ತಿದ್ದ ಸನ್ರಿಜುಕಾದ ರೈತರ ನಡುವೆ ವರ್ಷಗಟ್ಟಲೆ ಬಾಳಿ, 1968ರಿಂದ ಒಂದು ಚಿತ್ರಮಾಲಿಕೆಯನ್ನೇ ಮಾಡಿದರು. ಮುಂದೆ ಯಮಗಾತಾ ಪ್ರಾಂತದ ಮಗಿನೊ ಹಳ್ಳಿಗೆ ಹೋಗಿ, ತಾವೇ ಭತ್ತ ಬೆಳೆಯುತ್ತ ಹಳ್ಳಿಯನ್ನು ಚಿತ್ರಿಸಿದರು. ಚಿತ್ರಿತರೊಡನೆ ಬಾಳುವುದಕ್ಕೆ ಇದು ಜಗತ್ತಿನ ಉಜ್ವಲ ಮಾದರಿಯೆಂದು ದಶಕಗಳ ಕಾಲ ಹೊಗಳಿಸಿಕೊಂಡಿತು. ಆದರೆ 1992ರಲ್ಲಿ ಒಗಾವಾ ತೀರಿಕೊಂಡಾಗ ಉಳಿದದ್ದು ದೊಡ್ಡ ಸಾಲ. ಸದಸ್ಯರು ಸಂಬಳವಿಲ್ಲದೆ ದುಡಿದಿದ್ದರು, ಅಡುಗೆ ಮತ್ತು ಮನೆವಾರ್ತೆ ಹೆಂಗಸರ ಪಾಲಾಗಿತ್ತು, ತೀರ್ಮಾನಗಳು ಒಬ್ಬನವಾಗಿದ್ದವು. ಬಾರ್ಬರಾ ಹ್ಯಾಮರ್ ಅವರ ‘ಡಿವೋಷನ್’ (2000) ಸಾಕ್ಷ್ಯಚಿತ್ರ ಇದನ್ನು ಆ ಸದಸ್ಯರ ಬಾಯಿಂದಲೇ ಹೊರತಂದಿತು. ಹೊರಗಿನ ರೈತರೊಡನೆ ಇದ್ದ ನ್ಯಾಯ ಒಳಗಿನ ಸಂಗಾತಿಗಳಿಗೆ ಇರಲಿಲ್ಲ. ಸ್ವತಂತ್ರ ಚಿತ್ರಲೋಕದ ಅತಿ ಸಾಮಾನ್ಯ ದೋಷ ಇದೇ. ಕಲೆಯ ಮೇಲಿನ ಪ್ರೀತಿ, ಆದರ್ಶ, ಗೆಳೆತನ ಇವುಗಳ ಹೆಸರಿನಲ್ಲಿ ಕೂಲಿಯ ಮಾತು ಹಿಂದೆ ಸರಿಯುತ್ತದೆ, ಅದನ್ನು ಎತ್ತಿದವರು ಸಣ್ಣವರಾಗಿ ಕಾಣುತ್ತಾರೆ.

ಭಾರತದ ಪ್ರಯೋಗಗಳು

ಭಾರತದಲ್ಲಿ ಈ ಮೌಲ್ಯಗಳ ಬೆಳವಣಿಗೆಗೆ ಫಿಲ್ಮ್ ಸೊಸೈಟಿಗಳು ನೆಲ ಹದಮಾಡಿದವು. ಅಡೂರ್ ಗೋಪಾಲಕೃಷ್ಣನ್ ಮತ್ತು ಗೆಳೆಯರು 1965ರಲ್ಲಿ ತಿರುವನಂತಪುರದಲ್ಲಿ ಆರಂಭಿಸಿದ ಚಿತ್ರಲೇಖಾ, ಸೊಸೈಟಿಯ ಜೊತೆಗೆ ನಿರ್ಮಾಣ ಸಹಕಾರ ಸಂಘವನ್ನೂ ಕಟ್ಟಿ ‘ಸ್ವಯಂವರಂ’ (1972) ಚಿತ್ರವನ್ನು ತಯಾರಿಸಿತು. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತವರ ‘ಯುಕ್ತ್’ ಸಹಕಾರ ಸಂಘವು ‘ಘಾಶೀರಾಮ್ ಕೋತ್ವಾಲ್’ (1976) ಚಿತ್ರವನ್ನು ಮಣಿ ಕೌಲ್, ಸಯೀದ್ ಮಿರ್ಜಾ, ಕೆ. ಹರಿಹರನ್, ಕಮಲ್ ಸ್ವರೂಪ್ ಅವರ ಸಾಮೂಹಿಕ ನಿರ್ದೇಶನದಲ್ಲಿ ಹೊರತಂದಿತು.

ಕನ್ನಡದ ಹೊಸ ಅಲೆಗೆ ನಾಂದಿ ಹಾಡಿದ ‘ಸಂಸ್ಕಾರ’ (1970) ಸಹಕಾರ ಸಂಘದ ಚಿತ್ರವಲ್ಲ, ಆದರೆ ಕಲಾವಿದರ ಸ್ನೇಹಬಳಗವೊಂದು ಕೂಡಿ ದುಡಿದ ಫಲ. ತೆಲುಗಿನ ಕವಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಕರು, ಯು.ಆರ್. ಅನಂತಮೂರ್ತಿಯವರ ಕಾದಂಬರಿಗೆ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ವಹಿಸಿದವರು ಗಿರೀಶ ಕಾರ್ನಾಡರು. ಪಿ. ಲಂಕೇಶ್ ಮತ್ತು ಸ್ನೇಹಲತಾ ರೆಡ್ಡಿ ಉಳಿದ ಮುಖ್ಯ ಪಾತ್ರಗಳಲ್ಲಿದ್ದರು, ಚೋಳಮಂಡಲದ ಕಲಾವಿದ ಎಸ್.ಜಿ. ವಾಸುದೇವ್ ಕಲಾನಿರ್ದೇಶನವನ್ನೂ ಸರೋದ್ ವಾದಕ ರಾಜೀವ ತಾರಾನಾಥರು ಸಂಗೀತವನ್ನೂ ಆಸ್ಟ್ರೇಲಿಯಾದ ಟಾಮ್ ಕೋವನ್ ಛಾಯಾಗ್ರಹಣವನ್ನೂ ನಿರ್ವಹಿಸಿದರು. ಮದರಾಸಿನ ಹವ್ಯಾಸಿ ಇಂಗ್ಲಿಷ್ ರಂಗಭೂಮಿ, ಚಿತ್ರಕಲೆ, ಕನ್ನಡದ ನವ್ಯ ಸಾಹಿತ್ಯ ಇವುಗಳಿಂದ ಬಂದವರು ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ ಸೇರಿ ಚಿತ್ರವನ್ನು ಮುಗಿಸಿದರು. ಸೆನ್ಸಾರ್ ಮಂಡಳಿ ಮೊದಲು ಅದನ್ನು ನಿಷೇಧಿಸಿದಾಗಲೂ ಬಳಗ ಚಿತ್ರದ ಬೆನ್ನಿಗೆ ನಿಂತಿತು. ತೆರವಾದ ಬಳಿಕ ಅದು ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಪಡೆಯಿತು.

ಶ್ಯಾಮ್ ಬೆನೆಗಲ್ ಅವರ ‘ಮಂಥನ್’ (1976) ಹಣ ಹೂಡುವವರು ಯಾರು ಎಂಬ ಪ್ರಶ್ನೆಗೆ ಬೇರೊಂದು ಉತ್ತರ ಕೊಟ್ಟಿತು. ಹಾಲು ಉತ್ಪಾದಕರ ಸಹಕಾರ ಚಳವಳಿಯನ್ನು ಕುರಿತ ಈ ಚಿತ್ರಕ್ಕೆ ಗುಜರಾತಿನ 5 ಲಕ್ಷ ರೈತರು ತಲಾ 2 ರೂಪಾಯಿ ಕೊಟ್ಟರು. ನಿರ್ಮಾಪಕರೆಂದು ಟೈಟಲ್ ಕಾರ್ಡಿನಲ್ಲಿ ಕಾಣುವುದು ಅವರೇ. ಬಿಡುಗಡೆಯಾದಾಗ ತಮ್ಮ ಚಿತ್ರವನ್ನು ನೋಡಲು ಹಳ್ಳಿಯವರು ಲಾರಿಗಳಲ್ಲಿ ಬಂದರು. ಕೋಯಿಕ್ಕೋಡ್‌ನಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ ಒಡೆಸ್ಸಾ ತಂಡ ಇದಕ್ಕಿಂತ ಮುಂದೆ ಹೋಗಿ, ಸಂಸ್ಥೆಯ ಆಸರೆಯೂ ಇಲ್ಲದೆ ಊರೂರು ತಿರುಗಿ, 16 ಎಂ.ಎಂ. ಪ್ರೊಜೆಕ್ಟರಿನಲ್ಲಿ ಒಳ್ಳೆಯ ಚಿತ್ರಗಳನ್ನು ತೋರಿಸಿ, ಜನ ಕೊಟ್ಟ ಚಿಲ್ಲರೆಯನ್ನು ಕೂಡಿಸಿ ‘ಅಮ್ಮ ಅರಿಯಾನ್’ (1986) ಚಿತ್ರವನ್ನು ತಯಾರಿಸಿತು. ಟಿಕೆಟ್ಟಿನ ವ್ಯಾಪಾರಕ್ಕೆ ಹೋಗದೆ ಆ ಚಿತ್ರ ಅದೇ ಹಾದಿಯಲ್ಲಿ ಜನರ ಬಳಿಗೆ ಮರಳಿತು. ಹಾಗೆ ನಿಧಿಗಾಗಿ ತೋರಿಸಿದ ಚಿತ್ರಗಳಲ್ಲಿ ಆನಂದ ಪಟವರ್ಧನರ ‘ಹಮಾರಾ ಶಹರ್’ (1985) ಕೂಡ ಒಂದು. ಮುಂಬಯಿಯ ಕೊಳೆಗೇರಿ ನಿವಾಸಿಗಳ ಬವಣೆಯನ್ನು ತೋರಿಸುವ ಅದರಲ್ಲಿ, ನಮ್ಮನ್ನು ಚಿತ್ರಿಸಿಕೊಂಡು ಹೋಗಿ ನೀವೇನು ಮಾಡುವಿರಿ ಎಂದು ಹೆಂಗಸೊಬ್ಬಳು ನಿರ್ದೇಶಕರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಆ ಮಾತನ್ನು ಕತ್ತರಿಸದೆ ಉಳಿಸಿಕೊಂಡದ್ದು ಪಟವರ್ಧನರ ದೊಡ್ಡತನ.

ಬೆಂಗಳೂರಿನಲ್ಲಿ 1980ರಲ್ಲಿ ದೀಪಾ ಧನರಾಜ್, ಆಭಾ ಭಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಂಟ್ರಾಕ್ಟರ್ ಕಟ್ಟಿದ ‘ಯುಗಾಂತರ್’ ಕರ್ನಾಟಕದಲ್ಲಿ ಹುಟ್ಟಿದ ಇಂಥ ತಂಡಗಳಲ್ಲೆಲ್ಲ ಮುಖ್ಯವಾದದ್ದು. ಅದಕ್ಕೆ ಸಲ್ಲಬೇಕಾದ ಮನ್ನಣೆ ಕನ್ನಡದ ಚಲನಚಿತ್ರ ಬರವಣಿಗೆಯಲ್ಲಿ ಇನ್ನೂ ಸಂದಿಲ್ಲ. ತಂಡದ ‘ತಂಬಾಕೂ ಚಾಕಿಲಾ ಊಬ್ ಅಲಿ’ (1982) ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ತಂಬಾಕು ಹದಮಾಡುವ ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದ ಕಥನ. ತಿಂಗಳುಗಟ್ಟಲೆ ಅವರೊಂದಿಗಿದ್ದು, ಯಾವ ಘಟನೆಗಳನ್ನು ತೋರಿಸಬೇಕು, ಹೇಗೆ ತೋರಿಸಬೇಕು ಎಂಬುದನ್ನು ಅವರೊಡನೆ ಕೂತು ತೀರ್ಮಾನಿಸಿ, ನಡೆದುಹೋದ ಪ್ರಸಂಗಗಳನ್ನು ಅವರಿಂದಲೇ ಮತ್ತೆ ಅಭಿನಯ ಮಾಡಿಸಿ ಚಿತ್ರವನ್ನು ರೂಪಿಸಲಾಯಿತು. ತಂಬಾಕಿನ ಧೂಳಿನಲ್ಲಿ ಕೆಮ್ಮುತ್ತ ದುಡಿದವರು ಅಲ್ಲಿ ಕನಿಕರ ಬೇಡುವುದಿಲ್ಲ. ತಾವು ಹೇಗೆ ಒಂದಾದೆವು ಎಂದು ವಿವರಿಸುತ್ತಾರೆ. ಚಿತ್ರ ಬೇರೆ ಊರುಗಳ ಕಾರ್ಮಿಕ ಮತ್ತು ಮಹಿಳಾ ಸಂಘಟನೆಗಳ ಸಭೆಗಳಲ್ಲಿ ಪ್ರದರ್ಶನ ಕಂಡಿತು. ಪುಣೆಯ ಮನೆಕೆಲಸದವರ ಸಂಘಟನೆಯನ್ನು ಕುರಿತ ‘ಮೋಲ್ಕರೀನ್’ (1981) ಚಿತ್ರವೂ ಇದೇ ಕ್ರಮದಲ್ಲಿ ತಯಾರಾಯಿತು.

ಈಚಿನ ಕನ್ನಡ ಚಿತ್ರಗಳಲ್ಲಿ ಪವನ್ ಕುಮಾರ್ ಅವರ ‘ಲೂಸಿಯಾ’ (2013) ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿ ತಯಾರಾಯಿತು. ಗಾಂಧಿನಗರದ ನಿರ್ಮಾಪಕರು ಒಲ್ಲದ ಚಿತ್ರಕಥೆಗೆ ಅಂತರ್ಜಾಲದ ಮೂಲಕ ನೂರಕ್ಕೂ ಹೆಚ್ಚು ಜನ ಹಣ ಹಾಕಿದ್ದು ಕನ್ನಡದಲ್ಲಿ ಹೊಸ ಬಾಗಿಲನ್ನು ತೆರೆಯಿತು. ರಾಮ್ ರೆಡ್ಡಿ ನಿರ್ದೇಶಿಸಿ ಈರೇಗೌಡರು ಅವರೊಡನೆ ಬರೆದ ‘ತಿಥಿ’ (2015) ಹಣಕ್ಕಿಂತ ಜನರ ವಿಷಯದಲ್ಲಿ ಗಮನಾರ್ಹ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತ, ಹಿಂದೆಂದೂ ನಟಿಸದ ಹಳ್ಳಿಗರಿಗಾಗಿಯೇ ಪಾತ್ರಗಳನ್ನು ಬರೆದು ಮಾಡಿದ ಈ ಚಿತ್ರ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ಗಳಿಸಿತು. ಬಳಿಕ ಅದರ ಹಿರಿಯ ನಟರು ರಾತ್ರೋರಾತ್ರಿ ಹೆಸರುವಾಸಿಯಾಗಿ ವಾಣಿಜ್ಯ ಚಿತ್ರಗಳಿಗೂ ಎಳೆದುತರಲ್ಪಟ್ಟರು. ವೃತ್ತಿನಟರಲ್ಲದವರಿಗೆ ಚಿತ್ರತಂಡದ ಹೊಣೆ ಚಿತ್ರೀಕರಣ ಮುಗಿದ ದಿನಕ್ಕೆ ತೀರುತ್ತದೆಯೇ ಎಂಬ ಪ್ರಶ್ನೆ ಅಲ್ಲಿಂದ ಏಳುತ್ತದೆ. ಅವರಿಗೆ ಮುಂದಿನ ಕರಾರುಗಳ ಅರ್ಥವನ್ನು ತಿಳಿಹೇಳುವಷ್ಟಾದರೂ ತಂಡದ ಹೊಣೆ ಮುಂದುವರಿಯುತ್ತದೆ ಎಂಬುದೇ ನ್ಯಾಯವಾದ ಉತ್ತರ.

ಕಾನೂನು, ಸುರಕ್ಷತೆ, ಒಡೆತನ

ಸದ್ಭಾವವೊಂದೇ ಸಾಲದೆಂಬ ಅರಿವು ಈಚೆಗೆ ಗಟ್ಟಿಯಾಗಿದೆ. 2021ರ ಅಕ್ಟೋಬರ್‌ನಲ್ಲಿ ನ್ಯೂ ಮೆಕ್ಸಿಕೊದಲ್ಲಿ ಕಡಿಮೆ ಬಜೆಟ್ಟಿನ ‘ರಸ್ಟ್’ ಚಿತ್ರದ ಸೆಟ್ಟಿನಲ್ಲಿ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಮೃತಪಟ್ಟರು. ಸುರಕ್ಷತೆಯೂ ವಸತಿಯೂ ಸರಿಯಿಲ್ಲವೆಂದು ಕ್ಯಾಮೆರಾ ವಿಭಾಗದ ಹಲವರು ಅದಕ್ಕೆ ಕೆಲವೇ ಗಂಟೆಗಳ ಮೊದಲು ಕೆಲಸ ಬಿಟ್ಟಿದ್ದರು. ಭಾರತದಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯು 10 ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ದೂರು ಸಮಿತಿಯನ್ನು ಕಡ್ಡಾಯ ಮಾಡಿದ್ದರೂ, ಕೆಲವೇ ವಾರಗಳಿಗೆಂದು ಕೂಡಿ ಚದುರುವ ಸಿನಿಮಾ ಯೂನಿಟ್ಟಿಗೆ ಅದು ಹೇಗೆ ಅನ್ವಯಿಸುತ್ತದೆಂಬುದು ಅಸ್ಪಷ್ಟವಾಗಿತ್ತು. ಕೇರಳದ ಸಿನಿಮಾ ಮಹಿಳೆಯರ ಸಂಘಟನೆಯ ಅರ್ಜಿಯ ಮೇಲೆ ಅಲ್ಲಿಯ ಹೈಕೋರ್ಟ್ 2022ರಲ್ಲಿ ಪ್ರತಿ ಚಿತ್ರದ ನಿರ್ಮಾಣ ಘಟಕಕ್ಕೂ ಇಂಥ ಸಮಿತಿ ಇರಬೇಕೆಂದು ತೀರ್ಪಿತ್ತಿತು. ಮಲಯಾಳಂ ಚಿತ್ರರಂಗದಲ್ಲಿ ಮಹಿಳೆಯರ ಸ್ಥಿತಿಗತಿಯನ್ನು ಪರಿಶೀಲಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಬಿದ್ದ ಮೇಲೆ, ಕರ್ನಾಟಕದಲ್ಲೂ ಅಂಥ ವಿಚಾರಣಾ ಸಮಿತಿಯನ್ನು ರಚಿಸಬೇಕೆಂದು ಕನ್ನಡ ಚಿತ್ರರಂಗದ ಕೆಲವರು ಸರ್ಕಾರವನ್ನು ಕೇಳಿದರು. ಹತ್ತಕ್ಕಿಂತ ಕಡಿಮೆ ಜನರ ಪುಟ್ಟ ತಂಡಗಳಲ್ಲಿ ದೂರುವವರೂ ದೂರಿಗೊಳಗಾದವರೂ ಗೆಳೆಯರೇ ಆಗಿರುವುದರಿಂದ, ಹೊರಗಿನ ನಂಬಿಕಸ್ಥರೊಬ್ಬರ ಹೆಸರನ್ನು ಚಿತ್ರೀಕರಣಕ್ಕೆ ಮೊದಲೇ ಗೊತ್ತುಮಾಡಿಡುವುದು ಅಗತ್ಯ.

ಒಡೆತನದ ವಿಷಯದಲ್ಲಿ ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಚಲನಚಿತ್ರದ ಕರ್ತೃ ನಿರ್ಮಾಪಕನೇ ಎನ್ನುತ್ತದೆ. ಹತ್ತು ಜನ ಸಮಾನವಾಗಿ ದುಡಿದ ಚಿತ್ರದಲ್ಲೂ ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ ಕಾಗದದ ಮೇಲೆ ನಿರ್ಮಾಪಕನೆಂದು ಯಾರ ಹೆಸರಿದೆಯೋ ಹಕ್ಕು ಅವರದೇ ಆಗುತ್ತದೆ. ಸಾಹಿತಿಗಳಿಗೂ ಸಂಗೀತಗಾರರಿಗೂ ರಾಯಧನದ ಹಕ್ಕನ್ನು ಬಿಗಿಗೊಳಿಸಿದ 2012ರ ತಿದ್ದುಪಡಿ ಛಾಯಾಗ್ರಾಹಕ ಮತ್ತು ಸಂಕಲನಕಾರರನ್ನು ತಲುಪಲಿಲ್ಲ. ಒಡೆತನ ಯಾರಲ್ಲಿದೆ ಎಂಬುದರ ಮೇಲೆ ಚಿತ್ರದ ಉಳಿವೂ ನಿಂತಿದೆ. ತಂಡಗಳು ಚದುರಿದಾಗ ನೆಗೆಟಿವ್ ಯಾರ ಸುಪರ್ದಿಯಲ್ಲೂ ಉಳಿಯದೆ ಹಾಳಾಗುವುದುಂಟು. ಯುಗಾಂತರ್ ಚಿತ್ರಗಳು ಬರ್ಲಿನ್‌ನ ಆರ್ಸೆನಲ್ ಸಂಸ್ಥೆಯ ನೆರವಿನಿಂದ ಡಿಜಿಟಲ್ ರೂಪದಲ್ಲಿ ಮರುಜೀವ ಪಡೆದವು. ‘ಮಂಥನ್’ ಚಿತ್ರವನ್ನು ನಿರ್ಮಿಸಿದ ರೈತರ ಹಾಲು ಒಕ್ಕೂಟ ಇಂದಿಗೂ ಇರುವುದರಿಂದ, ಫಿಲ್ಮ್ ಹೆರಿಟೇಜ್ ಫೌಂಡೇಷನ್ ಕೈಗೊಂಡ ಪುನರುಜ್ಜೀವನದಲ್ಲಿ ಒಕ್ಕೂಟವೂ ಕೈಜೋಡಿಸಿತು, 2024ರ ಮೇ ತಿಂಗಳಲ್ಲಿ ಚಿತ್ರ ಕಾನ್ ಉತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನಗೊಂಡು ಮರುತಿಂಗಳು ಭಾರತದ ಚಿತ್ರಮಂದಿರಗಳಿಗೂ ಬಂದಿತು.